ಜುಲೈ ಮುಗಿಯಿತು, ಮಳೆಗಾಲ ಮುಗಿದಿಲ್ಲ

ನೆರವು ಸಂಸ್ಥೆಯ ತುರ್ತು ಯೋಜನೆಯನ್ನು ನಡು ಅವಧಿಯಲ್ಲಿ ಮರುಪರಿಶೀಲಿಸುವುದು ಹೇಗೆ?

ಹಾಸನ ಜಿಲ್ಲೆಯಲ್ಲಿ ನೆರೆ ಬಂದಾಗ, ಬರ ಬಿದ್ದಾಗ ಜನರ ಬೆನ್ನಿಗೆ ನಿಲ್ಲುವ ಸಂಸ್ಥೆಗಳಿಗೆ ಕೊರತೆಯಿಲ್ಲ. ರೆಡ್‌ಕ್ರಾಸ್‌ ಶಾಖೆಯಿಂದ ಹಿಡಿದು ಮಠಗಳ ಟ್ರಸ್ಟ್‌, ರೋಟರಿ, ಲಯನ್ಸ್‌, ಊರಿನ ಯುವಕ ಸಂಘದವರೆಗೆ ಹಲವರು ಏಪ್ರಿಲ್‌, ಮೇ ತಿಂಗಳಲ್ಲೇ ಮಳೆಗಾಲದ ಯೋಜನೆ ಸಿದ್ಧಮಾಡಿಕೊಳ್ಳುತ್ತಾರೆ. ತೊಡಕು ಶುರುವಾಗುವುದು ಜುಲೈ ಕೊನೆಯ ವಾರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಆಗ ಸರಿಯಾಗಿ ಅರ್ಧ ಮುಗಿದಿರುತ್ತದೆ. ಪರಿಶೀಲನಾ ಸಭೆ ಸೇರುತ್ತದೆ, ಖರ್ಚಿನ ಪಟ್ಟಿ ಓದಲಾಗುತ್ತದೆ, ಎಷ್ಟು ಕಿಟ್‌ ಹಂಚಿದೆವು ಎಂಬ ಲೆಕ್ಕ ಬರುತ್ತದೆ, ಸಹಿ ಬೀಳುತ್ತದೆ. ಉಳಿದ ಎರಡು ತಿಂಗಳಿಗೆ ಏನು ಬದಲಾಗಬೇಕು ಎಂಬ ಮಾತು ಮಾತ್ರ ಸಭೆಯಲ್ಲಿ ಏಳುವುದೇ ಇಲ್ಲ.

ಆ ಮಾತು ಏಳಲೇಬೇಕು ಎನ್ನುವುದಕ್ಕೆ ಎರಡು ವರ್ಷಗಳ ಅನುಭವ ಸಾಕು.

2019ರಲ್ಲಿ ಜೂನ್‌, ಜುಲೈ ಎರಡೂ ತಿಂಗಳು ಮಳೆ ಕೈಕೊಟ್ಟಿತ್ತು. ಕಾವೇರಿ ಕೊಳ್ಳದ ಜಲಾಶಯಗಳು ನಿರೀಕ್ಷೆಯಷ್ಟು ತುಂಬಿರಲಿಲ್ಲ. ಆಗಸ್ಟ್‌ ಮೊದಲ ವಾರ ಕಳೆಯುವಷ್ಟರಲ್ಲಿ ಕೊಡಗು, ಸಕಲೇಶಪುರದ ಕಡೆ ಸುರಿದ ಮಳೆಗೆ ಹೊಳೆಗಳು ಉಕ್ಕಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಗ್ಗು ಬೀದಿಗಳಿಗೆ ಕಾವೇರಿ ನುಗ್ಗಿತು. 2023ರಲ್ಲಿ ನಡೆದದ್ದು ಇದರ ತದ್ವಿರುದ್ಧ. ಜುಲೈ ಕೊನೆಯ ಮಳೆ ನೋಡಿ ನಿಟ್ಟುಸಿರು ಬಿಟ್ಟವರಿಗೆ ಆಗಸ್ಟ್‌ ಇಡೀ ಬಿಸಿಲು ಕಾದಿತ್ತು. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್‌ ಅದು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದೆ ಆ ಪಟ್ಟಿ 236ರಲ್ಲಿ 223 ತಾಲ್ಲೂಕುಗಳಿಗೆ ಬೆಳೆಯಿತು. ಜುಲೈ 31ರಂದು ಕುಳಿತು ‘ಈ ವರ್ಷ ನೆರೆ ಇಲ್ಲ’ ಎಂದೋ ‘ಈ ವರ್ಷ ಬರ ಇಲ್ಲ’ ಎಂದೋ ಬರೆದುಕೊಂಡಿದ್ದ ಸಂಸ್ಥೆ ಈ ಎರಡೂ ವರ್ಷ ಎಡವಿಬೀಳುತ್ತಿತ್ತು.

ಹಾಗಾಗಿ ಕಳೆದ ಎರಡು ತಿಂಗಳಿಗೆ ಅಂಕ ಕೊಡುವುದಷ್ಟೇ ನಡು ಅವಧಿಯ ಪರಿಶೀಲನೆಯಲ್ಲ. ಮುಂದಿನ ಎರಡು ತಿಂಗಳು ಹಿಂದಿನಂತೆ ಇರುವುದಿಲ್ಲ ಎಂದುಕೊಂಡು ಕೈಯಲ್ಲಿರುವ ಜನ, ಸಾಮಾನು, ಹಣವನ್ನು ಮತ್ತೆ ಹೊಂದಿಸುವುದೇ ಅದರ ಮುಖ್ಯ ಕೆಲಸ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೀರು

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ. ಜಿಲ್ಲೆಯ ಯೋಜನೆಯನ್ನು ಪ್ರತಿವರ್ಷ ಪರಿಶೀಲಿಸಿ ಪರಿಷ್ಕರಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ವಿಶ್ವಸಂಸ್ಥೆಯ ನೆರವು ಯೋಜನೆಗಳಲ್ಲಿ ವರ್ಷದ ನಡುವೆಯೇ ಒಮ್ಮೆ ಅಂದಾಜು ಪರಿಷ್ಕರಿಸುವ ರೂಢಿ ಇದೆ. ಮಳೆಯ ಜೊತೆ ವ್ಯವಹರಿಸುವ ಜಿಲ್ಲಾ ಮಟ್ಟದ ಕಚೇರಿಗೆ ವರ್ಷಕ್ಕೊಂದು ಪರಿಷ್ಕರಣೆ ಸಾಲದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕಕ್ಕೂ ಹಾಸನದಲ್ಲಿ ಒಂದೇ ಕಚೇರಿ, ಒಂದೇ ಯೋಜನೆ ಇಟ್ಟುಕೊಂಡ ಸಂಸ್ಥೆ ಮೊದಲು ನೋಡಬೇಕಾದದ್ದು ಭೂಪಟವನ್ನು. ಅರಕಲಗೂಡಿನ ಕೊಣನೂರು, ರಾಮನಾಥಪುರದ ನೆರೆ ಅಲ್ಲಿನ ಮಳೆಯಿಂದ ಬರುವುದಲ್ಲ. ಕೊಡಗಿನ ಮಳೆ ಕಾವೇರಿಯಲ್ಲೂ, ಹಾರಂಗಿ ಜಲಾಶಯದಿಂದಲೂ ಹರಿದು, ಕೂಡಿಗೆಯಲ್ಲಿ ಸೇರಿ, ಕೆಳಗಿಳಿದು ಬರುತ್ತದೆ. ರಾಮನಾಥಪುರದಲ್ಲಿ ಬಿಸಿಲಿದ್ದಾಗಲೂ ಹೊಳೆ ಏರಬಹುದು. ಹೊಳೆನರಸೀಪುರದ ಆತಂಕ ಗೊರೂರಿನ ಹೇಮಾವತಿ ಅಣೆಕಟ್ಟೆಯ ಗೇಟಿಗೆ ಕಟ್ಟಿಕೊಂಡಿದೆ. ಚನ್ನರಾಯಪಟ್ಟಣದಲ್ಲಿ ಅದೇ ವಾರ ರಾಗಿ ಬಿತ್ತಲು ಹದ ಸಾಲದೆ ರೈತರು ಆಕಾಶ ನೋಡುತ್ತಿರಬಹುದು. ಇನ್ನು ಹಾಸನ ತಾಲ್ಲೂಕು ಆಲೂಗೆಡ್ಡೆಯ ಸೀಮೆ. ಅಲ್ಲಿ ಮಳೆ ಬಿಡುವು ಕೊಡದಿದ್ದರೆ ಗೆಡ್ಡೆ ಹೊಲದಲ್ಲೇ ಕೊಳೆಯುತ್ತದೆ, ಮನೆಯೊಳಗೆ ನೀರು ಬಾರದಿದ್ದರೂ ಕುಟುಂಬ ಸಾಲಕ್ಕೆ ಬೀಳುತ್ತದೆ.

ಒಂದೇ ದಿನಾಂಕದಂದು ಒಂದು ತಾಲ್ಲೂಕಿಗೆ ದೋಣಿ, ಇನ್ನೊಂದಕ್ಕೆ ಟ್ಯಾಂಕರ್‌ ಬೇಕಾಗಬಹುದು. ಪರಿಶೀಲನೆ ತಾಲ್ಲೂಕುವಾರು ನಡೆಯಬೇಕೆಂಬುದು ಇದಕ್ಕೇ.

ಪರಿಶೀಲನೆಯ ಹೆಜ್ಜೆಗಳು

1. ಊಹೆಗಳನ್ನು ಹೊರಗೆ ತೆಗೆಯಿರಿ.

ಮೇ ತಿಂಗಳ ಯೋಜನೆಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಬರೆಯದೆ ಒಪ್ಪಿಕೊಂಡ ಸಂಗತಿಗಳನ್ನು ಪಟ್ಟಿಮಾಡಿ. ‘ಶಾಲೆ ಖಾಲಿ ಇರುತ್ತದೆ’, ‘ಕಲ್ಯಾಣ ಮಂಟಪ ಸಿಗುತ್ತದೆ’, ‘ಸ್ವಯಂಸೇವಕರು ಕರೆದ ತಕ್ಷಣ ಬರುತ್ತಾರೆ’, ‘ಅಂಗಡಿಯವರು ಸಾಲಕ್ಕೆ ಅಕ್ಕಿ ಕೊಡುತ್ತಾರೆ’ ಇಂಥವು. ಪ್ರತಿಯೊಂದರ ಮುಂದೆಯೂ ಇವತ್ತು ಅದು ನಿಜವೇ ಎಂದು ಬರೆಯಿರಿ.

ಎಷ್ಟೋ ಊಹೆಗಳು ಪಂಚಾಂಗ ತಿರುವಿದರೇ ಬಿದ್ದುಹೋಗುತ್ತವೆ. ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪದ ಮಾಲೀಕರು ಧಾರಾಳವಾಗಿ ಒಪ್ಪಿರುತ್ತಾರೆ. ಶ್ರಾವಣ ಬಂತೆಂದರೆ ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶದ ಊಟಗಳಿಗೆ ಮುಂಗಡ ಬಿದ್ದಿರುತ್ತದೆ. ಮೇನಲ್ಲಿ ರಜೆಯಿದ್ದ ಶಾಲೆಯಲ್ಲಿ ಈಗ ಮಕ್ಕಳಿದ್ದಾರೆ. ರಾಮನಾಥಪುರದ ಸುತ್ತ ಆಗಸ್ಟ್‌ ಎಂದರೆ ಹೊಗೆಸೊಪ್ಪು ಮುರಿದು, ಅದನ್ನು ಕಾವಿನಲ್ಲಿ ಒಣಗಿಸುವ ಬ್ಯಾರನ್‌ಗೆ ಏರಿಸುವ ಕಾಲ. ಹದ ಮಾಡುವಾಗ ಬೆಂಕಿಯ ಕಾವನ್ನು ಹಗಲೂ ರಾತ್ರಿ ಅಳತೆ ತಪ್ಪದಂತೆ ಹಂತಹಂತವಾಗಿ ಏರಿಸುತ್ತ ಹೋಗಬೇಕು. ಒಲೆಯ ಮುಂದೆ ಯಾರಾದರೊಬ್ಬರು ಕೂತಿರಲೇಬೇಕು. ಅಂಥ ಮನೆಯ ಹುಡುಗ ಸ್ವಯಂಸೇವಕರ ಪಟ್ಟಿಯಲ್ಲಿದ್ದರೂ ರಾತ್ರಿ ಹನ್ನೊಂದಕ್ಕೆ ಕರೆದರೆ ಬರಲಾರ. ಆ ಕುಟುಂಬ ಮನೆ ಖಾಲಿಮಾಡಿ ಎಂದರೂ ಒಂದೇ ಮಾತಿಗೆ ಹೊರಡಲಾರದು, ವರ್ಷದ ದುಡಿಮೆ ಬ್ಯಾರನ್‌ ಒಳಗಿರುತ್ತದೆ. ಇದು ಹಟವಲ್ಲ. ಬ್ಯಾರನ್‌ ಕಾಯುವವರು ಮನೆಗೊಬ್ಬರು ಉಳಿದು, ಮಕ್ಕಳು ಮತ್ತು ಹಿರಿಯರು ಮೊದಲೇ ಕಾಳಜಿ ಕೇಂದ್ರಕ್ಕೆ (ನೆರೆ ಸಂತ್ರಸ್ತರ ತಂಗುದಾಣಕ್ಕೆ) ಹೋಗುವ ವ್ಯವಸ್ಥೆಯನ್ನು ಯೋಜನೆಯಲ್ಲೇ ಬರೆಯಬೇಕು. ಉಳಿದವರೂ ಹೊರಡಲೇಬೇಕಾದ ನೀರಿನ ಮಟ್ಟ ಯಾವುದೆಂದು ಅವರೊಂದಿಗೆ ಕೂತು ಮೊದಲೇ ಒಪ್ಪಿಕೊಳ್ಳಬೇಕು.

2. ಎಚ್ಚರಿಕೆಯ ಮಟ್ಟವನ್ನು ಊರಿನ ಮೆಟ್ಟಿಲಿಗೆ ಇಳಿಸಿ.

‘ನದಿ ಅಪಾಯದ ಮಟ್ಟ ಮೀರಿದಾಗ ತೆರವು’ ಎಂದು ಬಹುತೇಕ ಯೋಜನೆಗಳು ಬರೆಯುತ್ತವೆ. ಆ ಮಟ್ಟ ಯಾವುದು, ಯಾರು ನೋಡುತ್ತಾರೆ, ಯಾರಿಗೆ ಹೇಳುತ್ತಾರೆ ಎಂಬುದು ಇರುವುದಿಲ್ಲ. ನೆರೆಯಲ್ಲಿ ಎರಡು ಗಂಟೆ ಮೊದಲು ಸಿಕ್ಕ ಸುದ್ದಿ ಸಾವಿರ ಹೊದಿಕೆಗಿಂತ ದೊಡ್ಡದು. ಆದ್ದರಿಂದ ಪರಿಶೀಲನೆಯ ಅತಿ ಹೆಚ್ಚಿನ ಸಮಯ ಇದಕ್ಕೇ ಮೀಸಲಿಡಿ.

ಹಾರಂಗಿ ಚಿಕ್ಕ ಜಲಾಶಯ, 8.5 ಟಿಎಂಸಿ ಸಾಮರ್ಥ್ಯ, ಪೂರ್ಣ ಮಟ್ಟ 2,859 ಅಡಿ. ಗೊರೂರಿನ ಹೇಮಾವತಿಯದು 37.1 ಟಿಎಂಸಿ, 2,922 ಅಡಿ. ಚಿಕ್ಕದು ಬೇಗ ತುಂಬುತ್ತದೆ. ತುಂಬಿದ ಮೇಲೆ ಒಳಗೆ ಬಂದಷ್ಟೂ ಹೊರಗೆ ಬಿಡಬೇಕಾಗುತ್ತದೆ. ಜುಲೈ ಕೊನೆಯ ಹೊತ್ತಿಗೆ ಜಲಾಶಯದಲ್ಲಿ ಎಷ್ಟು ಜಾಗ ಖಾಲಿಯಿದೆ ಎಂಬುದು ಆಗಸ್ಟ್‌ನ ಅಪಾಯವನ್ನು ಹೇಳುವ ಮುಖ್ಯ ಅಂಕಿ. ಅರ್ಧ ಖಾಲಿ ಜಲಾಶಯ ಒಂದು ದೊಡ್ಡ ಮಳೆಯನ್ನು ನುಂಗಿಕೊಳ್ಳಬಹುದು. ತುಂಬಿದ ಜಲಾಶಯಕ್ಕೆ ಅದೇ ಮಳೆ ಬಿದ್ದರೆ ಕೆಳಗಿನ ಊರಿಗೆ ನೇರ ಬರುತ್ತದೆ. ಒಂದು ಎಚ್ಚರ: ಕಾವೇರಿಯ ಮೂಲ ಹರಿವಿಗೆ ಕೊಡಗಿನಲ್ಲಿ ದೊಡ್ಡ ಅಣೆಕಟ್ಟೆ ಇಲ್ಲ. ಹಾರಂಗಿಯ ಹೊರಹರಿವೊಂದನ್ನೇ ನೋಡಿ ನೆಮ್ಮದಿಯಿಂದ ಕೂರುವಂತಿಲ್ಲ, ಕುಶಾಲನಗರದ ಬಳಿ ಹೊಳೆ ಹೇಗಿದೆ ಎಂದು ಫೋನ್‌ ಮಾಡಿ ಕೇಳುವವರು ಒಬ್ಬರಿರಬೇಕು.

ಈಗ ಊರಿನ ಕೆಲಸ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಜಲಾಶಯದಿಂದ ಎಷ್ಟು ಕ್ಯೂಸೆಕ್‌ ಬಿಟ್ಟರು, ಎಷ್ಟು ಗಂಟೆಗೆ ಬಿಟ್ಟರು, ರಾಮನಾಥಪುರದ ಸ್ನಾನಘಟ್ಟದಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಬಂತು, ಎಷ್ಟು ಗಂಟೆಗೆ ಬಂತು. (ಒಂದು ಕ್ಯೂಸೆಕ್‌ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್‌.) ಜೂನ್‌, ಜುಲೈಯಲ್ಲಿ ಹೊಳೆ ಏರಿದ ದಿನಗಳ ವಿವರ ದೇವಸ್ಥಾನದ ಸಿಬ್ಬಂದಿಗೋ ಘಟ್ಟದ ಬಳಿಯ ಅಂಗಡಿಯವರಿಗೋ ನೆನಪಿರುತ್ತದೆ, ಕೇಳಿ ಬರೆದುಕೊಳ್ಳಿ. ನಾಲ್ಕಾರು ದಿನಗಳ ದಾಖಲೆ ಸೇರಿದರೂ ನೀರು ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಂದಾಜು ಊರಿನ ಕೈಗೆ ಬರುತ್ತದೆ. ಬಳಿಕ ಯೋಜನೆಯ ವಾಕ್ಯವನ್ನು ಬದಲಿಸಿ: ಇಂಥ ಮೆಟ್ಟಿಲು ಮುಳುಗಿದರೆ ಹಿರಿಯರು, ಬಾಣಂತಿಯರು, ಅಂಗವಿಕಲರು ಮೊದಲು ಹೊರಡಬೇಕು, ಅದರ ಮೇಲಿನ ಇಂಥ ಮೆಟ್ಟಿಲು ಮುಳುಗಿದರೆ ಬೀದಿ ಪೂರಾ ಖಾಲಿ. ಹೊಳೆನರಸೀಪುರದಲ್ಲಿ ಗೊರೂರಿನ ಹೊರಹರಿವು ಇಟ್ಟುಕೊಂಡು ಇದನ್ನೇ ಮಾಡಿ. ಸೇತುವೆಯ ಕಂಬಕ್ಕೋ ಘಟ್ಟದ ಗೋಡೆಗೋ ಬಣ್ಣದ ಗೆರೆ ಎಳೆಯಲು ಪುರಸಭೆಯ ಒಪ್ಪಿಗೆ ಪಡೆಯಿರಿ.

ಚನ್ನರಾಯಪಟ್ಟಣದಲ್ಲಿ ಅಳೆಯಬೇಕಾದದ್ದು ಮಳೆ ಬಾರದ ವಾರಗಳನ್ನು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟು ಮಾಹಿತಿ ಕೊಡುತ್ತದೆ. ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಸತತ ಮೂರು ವಾರ ಮುಂದುವರಿದ ಪಂಚಾಯಿತಿಗಳನ್ನು ಗುರುತಿಸಿ. ಬಯಲು ಸೀಮೆಯ ಈ ಭಾಗಕ್ಕೆ ಸೆಪ್ಟೆಂಬರ್‌, ಅಕ್ಟೋಬರ್‌ನ ಮಳೆಯೂ ಮುಖ್ಯ. ಆದ್ದರಿಂದ ಅಲ್ಲಿಗೆ ಸೆಪ್ಟೆಂಬರ್‌ ನಡುವೆ ಇನ್ನೊಂದು ಪುಟ್ಟ ಪರಿಶೀಲನೆ ಇಟ್ಟುಕೊಳ್ಳಿ. ಮೇವಿನ ಒಪ್ಪಂದ, ಬಾಡಿಗೆ ಕೊಳವೆಬಾವಿಗಳ ಪಟ್ಟಿ ಆಗಲೇ ಸಿದ್ಧವಾದರೆ ಜನವರಿಯಲ್ಲಿ ದುಬಾರಿ ಹುಲ್ಲಿಗೆ ಅಲೆಯುವುದು ತಪ್ಪುತ್ತದೆ.

3. ಕಾಳಜಿ ಕೇಂದ್ರವನ್ನು ಟೇಪ್‌ ಹಿಡಿದು ಅಳೆಯಿರಿ.

‘ಸರ್ಕಾರಿ ಶಾಲೆ, ಸಾಮರ್ಥ್ಯ 200’ ಎಂಬಂಥ ಸಾಲುಗಳು ಯೋಜನೆಗಳಲ್ಲಿ ಹೇರಳ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಹೊರಡಿಸಿದ ಕನಿಷ್ಠ ಮಾನದಂಡಗಳ ಪ್ರಕಾರ ಒಬ್ಬರಿಗೆ 3.5 ಚದರ ಮೀಟರ್‌ ಜಾಗ ಬೇಕು. 20 ಅಡಿ ಉದ್ದ, 20 ಅಡಿ ಅಗಲದ ತರಗತಿ ಕೋಣೆ ಎಂದರೆ ಸುಮಾರು 37 ಚದರ ಮೀಟರ್‌. ಅಲ್ಲಿ ಹತ್ತು ಜನ ಮಲಗಬಹುದು. 200 ಜನರಿಗೆ 20 ಕೋಣೆ ಬೇಕು! ಆರೇಳು ಕೋಣೆಯ ಹಳ್ಳಿ ಶಾಲೆಯಲ್ಲಿ ಅರವತ್ತು ಎಪ್ಪತ್ತು ಜನ ಹಿಡಿಯುತ್ತಾರೆ, ಉಳಿದವರು ಜಗುಲಿಯಲ್ಲಿ ಮಳೆ ಎರಚಲಿಗೆ ಕೂರಬೇಕಾಗುತ್ತದೆ.

ಅದೇ 200 ಜನಕ್ಕೆ ಉಳಿದ ಲೆಕ್ಕ ನೋಡಿ. ಮೂವತ್ತು ಜನಕ್ಕೊಂದರಂತೆ ಏಳು ಶೌಚಾಲಯ, ಅದೂ 50 ಮೀಟರ್‌ ಒಳಗೆ, ಹೆಂಗಸರಿಗೆ ಬೇರೆ. ಕುಡಿಯಲು ತಲಾ 3 ಲೀಟರ್‌, ಶೌಚ ಮತ್ತು ಸ್ನಾನಕ್ಕೆ ತಲಾ 15 ಲೀಟರ್‌. ಒಟ್ಟು ದಿನಕ್ಕೆ 3,600 ಲೀಟರ್‌. ಐದು ಸಾವಿರ ಲೀಟರಿನ ಟ್ಯಾಂಕರ್‌ ದಿನಕ್ಕೊಮ್ಮೆ ಬಂದರೆ ಸಾಕು, ಆದರೆ ಆ ಟ್ಯಾಂಕರ್‌ ಬರುವ ದಾರಿ ನೆರೆಯಲ್ಲಿ ಮುಳುಗುತ್ತದೆಯೇ? ಕರೆಂಟ್‌ ಹೋದರೆ ಮೋಟರ್‌ ಓಡುತ್ತದೆಯೇ? ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್‌ ನಂಬರ್‌ ಯಾರ ಬಳಿ ಇದೆ? ಅಡುಗೆಯವರು ಯಾರು, ಸಿಲಿಂಡರ್‌ ಎಲ್ಲಿದೆ, ಬೀಗದ ಕೈ ಯಾರ ಮನೆಯಲ್ಲಿದೆ? ಕೊನೆಯ ಪ್ರಶ್ನೆ ಸಣ್ಣದೆನಿಸಬಹುದು. ನಡುರಾತ್ರಿ ಮಕ್ಕಳನ್ನೆತ್ತಿಕೊಂಡು ಬಂದವರು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುವ ಹಾಗಾಗಬಾರದು. ಎರಡು ಕೀ ಇಬ್ಬರು ಬೇರೆ ಬೇರೆ ಜನರ ಬಳಿ ಇರಲಿ, ಒಬ್ಬರು ಹೊಳೆಯ ಆಚೆ ದಡದವರಾಗದಿರಲಿ.

4. ದಾಸ್ತಾನು ಎಣಿಸಿದರೆ ಸಾಲದು, ಬಿಚ್ಚಿ ನೋಡಿ.

ಬ್ಲೀಚಿಂಗ್‌ ಪೌಡರ್‌ ಚೀಲ ಹತ್ತು ಎಂದು ಸ್ಟಾಕ್‌ ರಿಜಿಸ್ಟರ್‌ ಹೇಳುತ್ತದೆ. ತೇವ, ಬೆಳಕು, ಗಾಳಿ ತಾಗಿದರೆ ಪೌಡರ್‌ ತನ್ನ ಕ್ಲೋರಿನ್‌ ಕಳೆದುಕೊಳ್ಳುತ್ತದೆ. ಮೇನಲ್ಲಿ ಬಾಯಿ ಬಿಚ್ಚಿದ ಚೀಲ ಆಗಸ್ಟ್‌ ಹೊತ್ತಿಗೆ ಬರೀ ಸುಣ್ಣದಂತಾಗಿರಬಹುದು. ಹೊಸ ಪೌಡರ್‌ ಆದರೆ ಸಾವಿರ ಲೀಟರ್‌ ತಿಳಿನೀರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಹಾಕಿ ಅರ್ಧ ಗಂಟೆ ಬಿಟ್ಟು, ಪಂಚಾಯಿತಿಯ ಫೀಲ್ಡ್‌ ಟೆಸ್ಟ್‌ ಕಿಟ್‌ನಲ್ಲಿ ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್‌ ಉಳಿದಿರಬೇಕು. ಉಳಿದಿಲ್ಲವಾದರೆ ಚೀಲ ಬದಲಿಸಿ. ಕೆಂಪು ನೆರೆನೀರಿಗೆ ಈ ಲೆಕ್ಕ ನಡೆಯುವುದಿಲ್ಲ, ಮೊದಲು ತಿಳಿಯಾಗಿಸಬೇಕು.

ಓಆರ್‌ಎಸ್‌ ಪೊಟ್ಟಣದ ಅವಧಿ, ಟಾರ್ಪಾಲಿನ ಮಡಿಕೆಯಲ್ಲಿ ಇಲಿ ಕಡಿದ ತೂತು, ಲೈಫ್‌ ಜಾಕೆಟ್ಟಿನ ಬಕಲ್‌, ಜನರೇಟರ್‌ ಸ್ಟಾರ್ಟ್‌ ಆಗುತ್ತದೆಯೇ ಎಂಬುದು, ಇವೆಲ್ಲವನ್ನೂ ನೋಡುವುದು ಒಂದು ಬೆಳಗಿನ ಕೆಲಸ. ಹಾವು ಕಚ್ಚಿದವರಿಗೆ ಕೊಡುವ ಚುಚ್ಚುಮದ್ದು ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಇವತ್ತು ಲಭ್ಯವಿದೆ ಎಂದು ಕೇಳಿ ಬರೆದುಕೊಳ್ಳಿ. ನೆರೆಯಲ್ಲಿ ಹಾವುಗಳೂ ಎತ್ತರದ ಜಾಗ ಹುಡುಕುತ್ತವೆ.

5. ಪಡೆದವರನ್ನೂ, ಪಡೆಯದವರನ್ನೂ ಕೇಳಿ.

ಕಿಟ್‌ ಸಿಕ್ಕವರನ್ನು ಮಾತ್ರ ಕೇಳಿದರೆ ಎಲ್ಲರೂ ಕೈಮುಗಿಯುತ್ತಾರೆ. ಕೈಮುಗಿದವರ ಮಾತಿನಿಂದ ಯೋಜನೆ ತಿದ್ದಲಾಗುವುದಿಲ್ಲ. ನೀರು ನುಗ್ಗಿದ ಬೀದಿಯಲ್ಲಿ ಪಟ್ಟಿಯಿಂದ ಬಿಟ್ಟುಹೋದ ಮನೆಗಳಿಗೆ ಹೋಗಿ: ಬಾಡಿಗೆಗಿದ್ದವರು, ಶುಂಠಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಹೊರಜಿಲ್ಲೆಯ ಕೂಲಿಯವರು, ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಸೊಸೆ, ಒಂಟಿ ವೃದ್ಧೆ. ಕೇಳಬೇಕಾದದ್ದು ಮೂರೇ: ಸುದ್ದಿ ಯಾವಾಗ, ಯಾರಿಂದ ಬಂತು? ಬಂದ ನೆರವಿನಲ್ಲಿ ಯಾವುದು ಉಪಯೋಗಕ್ಕೆ ಬರಲಿಲ್ಲ? ಯಾವುದು ಬೇಕಿತ್ತು, ಸಿಗಲಿಲ್ಲ?

ಉತ್ತರಗಳು ಅಡುಗೆಮನೆಯಿಂದಲೇ ಶುರುವಾಗುತ್ತವೆ. ದಿನವೂ ಮುದ್ದೆ ಉಂಡ ಹಿರಿಯರಿಗೆ ಮೂರು ಹೊತ್ತೂ ಚಿತ್ರಾನ್ನ, ಉಪ್ಪಿಟ್ಟು ಹಿಡಿಸುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬರೀ ಅನ್ನ ತೊಂದರೆಯೇ. ರಾಗಿಹಿಟ್ಟು, ದೊಡ್ಡ ಪಾತ್ರೆ, ಕೋಲು ಇದ್ದರೆ ಕೇಂದ್ರದಲ್ಲಿರುವ ಹೆಂಗಸರೇ ಮುದ್ದೆ ಮಾಡಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಸಭೆಯಲ್ಲಿ ಹೇಳದ ಮಾತುಗಳಿರುತ್ತವೆ: ಸ್ಯಾನಿಟರಿ ಪ್ಯಾಡ್‌, ಒಳಉಡುಪು, ಬಚ್ಚಲಿಗೆ ಚಿಲಕ, ರಾತ್ರಿ ದೀಪ. ಅವರನ್ನು ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಬೇರೆಯಾಗಿ ಕೂತು ಕೇಳುವುದು ಒಳ್ಳೆಯದು.

ಇನ್ನೊಂದು ವಿಷಯ ಈ ಮಾತುಕತೆಯಲ್ಲೇ ಹೊರಬೀಳುತ್ತದೆ: ಸರ್ಕಾರದ ಪರಿಹಾರ ಬಾಕಿ ಉಳಿದವರು. ಬೆಳೆಹಾನಿ ಹಣ ಬರಲು ರೈತರ ನೋಂದಣಿಯ ಫ್ರೂಟ್ಸ್‌ ಸಂಖ್ಯೆ, ಪಹಣಿ, ಆಧಾರ್‌ಗೆ ಜೋಡಿಸಿದ ಬ್ಯಾಂಕ್‌ ಖಾತೆ ಎಲ್ಲ ಹೊಂದಬೇಕು. ತಂದೆಯ ಹೆಸರಿನಲ್ಲೇ ಪಹಣಿ ಉಳಿದ ಮನೆಗಳಲ್ಲಿ ಇದು ತೊಡರುತ್ತದೆ. ಗ್ರಾಮ ಆಡಳಿತಾಧಿಕಾರಿಯ ಬಳಿಗೆ ಅವರೊಂದಿಗೆ ಹೋಗಿ ಅರ್ಜಿ ತುಂಬಿಸುವ ಒಬ್ಬ ಸ್ವಯಂಸೇವಕ, ಸಂಸ್ಥೆ ಕೊಡುವ ಕಿಟ್‌ಗಿಂತ ಎಷ್ಟೋ ಪಟ್ಟು ಹೆಚ್ಚಿನ ನೆರವು ತಂದುಕೊಡಬಲ್ಲ. ಎರಡನೇ ಅರ್ಧಕ್ಕೆ ಇಂಥವರನ್ನು ಹೋಬಳಿಗೊಬ್ಬರಂತೆ ನೇಮಿಸಿಕೊಳ್ಳಿ.

6. ಹಣದ ಲೆಕ್ಕವನ್ನು ಮುಂದಕ್ಕೆ ಮಾಡಿ.

ಅರ್ಧ ಅವಧಿ ಕಳೆದರೆ ಅರ್ಧ ಹಣ ಖರ್ಚಾಗಿರಬೇಕು ಎಂಬ ನಿಯಮ ತುರ್ತು ನೆರವಿಗೆ ಹೊಂದುವುದಿಲ್ಲ. ಜುಲೈವರೆಗೆ ನೆರೆ ಬಾರದಿದ್ದರೆ ಹಣ ಉಳಿದಿರುವುದೇ ಸರಿ. ಮಾಡಬೇಕಾದ ಲೆಕ್ಕ ಇಷ್ಟು: ನಾಳೆಯೇ ರಾಮನಾಥಪುರದಲ್ಲಿ 200 ಜನರ ಕಾಳಜಿ ಕೇಂದ್ರ ಐದು ದಿನ ನಡೆಸಬೇಕಾದರೆ ಎಷ್ಟು ಬೇಕು? ಮೊದಲ ದಿನದ ಖರ್ಚಿಗೆ ಯಾರ ಸಹಿ ಸಾಕು? ಹಾಸನದಲ್ಲಿರುವ ಖಜಾಂಚಿಯ ಸಹಿ ಇಲ್ಲದೆ ಅರಕಲಗೂಡಿನಲ್ಲಿ ಒಂದು ಮೂಟೆ ಅಕ್ಕಿ ಕೊಳ್ಳಲಾಗದಿದ್ದರೆ ಯೋಜನೆಯಲ್ಲಿ ಎಷ್ಟು ಲಕ್ಷವಿದ್ದರೂ ಪ್ರಯೋಜನವಿಲ್ಲ. ತಾಲ್ಲೂಕು ಸಂಯೋಜಕರಿಗೆ ಒಂದು ಮಿತಿಯ ಮುಂಗಡ ಕೊಟ್ಟು, ಮೂರು ದಿನದೊಳಗೆ ವೋಚರ್‌ ಸಲ್ಲಿಸುವ ಷರತ್ತು ಇಡಿ. ಯಾವ ದಿನಾಂಕದವರೆಗೆ ನೆರೆಗೆಂದು ಇಟ್ಟ ಹಣ ಮುಟ್ಟಬಾರದು, ಯಾವಾಗ ಅದನ್ನು ಬರದ ಟ್ಯಾಂಕರಿಗೆ, ಮೇವಿಗೆ ತಿರುಗಿಸಬಹುದು ಎಂಬುದನ್ನೂ ಈಗಲೇ ಠರಾವಿನಲ್ಲಿ ಬರೆಯಿರಿ. ದಾನಿಗಳು ‘ನೆರೆ ಸಂತ್ರಸ್ತರಿಗೆ ಮಾತ್ರ’ ಎಂದು ಕೊಟ್ಟ ಹಣವಾದರೆ ಅವರ ಒಪ್ಪಿಗೆ ಪತ್ರ ಬೇಕು.

7. ನೆರೆಯಲ್ಲದ ಅವಘಡಕ್ಕೂ ಒಂದು ಪುಟ ಇರಲಿ.

ಮಳೆಗಾಲದ ಎರಡನೇ ಅರ್ಧದಲ್ಲೇ ಗೌರಿ–ಗಣೇಶ ಹಬ್ಬ ಬರುತ್ತದೆ. 2025ರ ಸೆಪ್ಟೆಂಬರ್‌ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನಾ ಮೆರವಣಿಗೆಗೆ ಲಾರಿ ನುಗ್ಗಿ ಹಲವು ಯುವಕರು ಜೀವ ಕಳೆದುಕೊಂಡರು. ಅಂಥ ರಾತ್ರಿ ಬೇಕಾಗುವುದು ರಕ್ತದ ಗುಂಪುವಾರು ದಾನಿಗಳ ಪಟ್ಟಿ, ಆಸ್ಪತ್ರೆಯ ಆವರಣದಲ್ಲಿ ಗಾಯಾಳುಗಳ ಮನೆಯವರಿಗೆ ಮಾಹಿತಿ ಕೊಡುವ ಇಬ್ಬರು, ದೂರದೂರಿನಿಂದ ಬರುವ ಹೆತ್ತವರನ್ನು ಕರೆತರುವ ವಾಹನ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಜೊತೆ ಈ ಬಗ್ಗೆ ಮೊದಲೇ ಮಾತಾಡಿಕೊಂಡಿರಬೇಕು. ವೈದ್ಯರ ಕೆಲಸಕ್ಕೆ ಅಡ್ಡಬಾರದಂತೆ ಎಲ್ಲಿ ನಿಲ್ಲಬೇಕು ಎಂಬುದೂ ಸೇರಿದಂತೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪರಿಶೀಲನೆಯನ್ನು ಯೋಜನೆ ಬರೆದವರೇ, ಅದೇ ಕೋಣೆಯಲ್ಲಿ ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕನಿಷ್ಠ ಒಬ್ಬರಾದರೂ ಹೊರಗಿನವರು ಇರಲಿ: ನಿವೃತ್ತ ತಹಶೀಲ್ದಾರ್‌, ಮುಖ್ಯಶಿಕ್ಷಕಿ, ಪಕ್ಕದ ತಾಲ್ಲೂಕಿನ ಸಂಯೋಜಕ, ಯಾರಾದರೂ ಸರಿ. ಸಭೆಯೂ ಒಮ್ಮೆ ರಾಮನಾಥಪುರದಲ್ಲೋ ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯಲ್ಲೋ ಸೇರಲಿ.

ಹಂಚಿದ ಸಂಖ್ಯೆಯನ್ನೇ ಫಲಿತಾಂಶ ಎಂದು ಬರೆಯುವುದು ಇನ್ನೊಂದು. ಐನೂರು ಕಂಬಳಿ ಕೊಟ್ಟೆವು ಎಂಬುದು ಸಂಸ್ಥೆಯ ಕೆಲಸದ ಲೆಕ್ಕ. ಕೇಂದ್ರದಲ್ಲಿ ಚಳಿಗೆ ಮಲಗಲಾಗದವರು ಯಾರಾದರೂ ಉಳಿದರೇ ಎಂಬುದು ಜನರ ಲೆಕ್ಕ. ವರದಿಯಲ್ಲಿ ಎರಡೂ ಇರಬೇಕು.

ಫೋನ್‌ ನಂಬರ್‌ಗಳನ್ನು ಹಳೆಯ ಪಟ್ಟಿಯಿಂದ ನಕಲು ಮಾಡುವುದೂ ಬಹಳ ಕಡೆ ಇದೆ. ಜುಲೈ ಹೊತ್ತಿಗೆ ವರ್ಗಾವಣೆಗಳು ಆಗಿ ಪಿಡಿಒ, ತಹಶೀಲ್ದಾರ್‌, ಠಾಣಾಧಿಕಾರಿ ಬದಲಾಗಿರಬಹುದು. ಪರಿಶೀಲನೆಯ ದಿನ ಪಟ್ಟಿಯಲ್ಲಿರುವ ಪ್ರತಿ ಸಂಖ್ಯೆಗೂ ಕರೆ ಮಾಡಿ. ಜಿಲ್ಲಾ ತುರ್ತು ಸಹಾಯವಾಣಿ 1077, ಪೊಲೀಸ್‌ ಮತ್ತು ಅಗ್ನಿಶಾಮಕಕ್ಕೆ 112, ಆಂಬುಲೆನ್ಸಿಗೆ 108 ಪಟ್ಟಿಯ ಮೇಲ್ಭಾಗದಲ್ಲಿರಲಿ.

ಎಚ್ಚರವಿರಲಿ

ತರಬೇತಿಯಿಲ್ಲದ ಸ್ವಯಂಸೇವಕರು ಹರಿಯುವ ನೀರಿಗೆ ಇಳಿಯಕೂಡದು. ಈಜು ಬಲ್ಲವರಾದರೂ ಸರಿ. ಆ ಕೆಲಸ ಅಗ್ನಿಶಾಮಕ ದಳದ್ದು, ರಾಜ್ಯ ವಿಪತ್ತು ಸ್ಪಂದನಾ ಪಡೆಯದ್ದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶೌರ್ಯ ವಿಪತ್ತು ನಿರ್ವಹಣಾ ಘಟಕಗಳಂತೆ ತರಬೇತಿ ಪಡೆದ ತಂಡ ತಾಲ್ಲೂಕಿನಲ್ಲಿದ್ದರೆ ಅವರ ಜೊತೆ ಕೆಲಸ ಹಂಚಿಕೊಳ್ಳಿ. ಒಂದೇ ಬೀದಿಗೆ ಮೂರು ಸಂಸ್ಥೆಯ ಕಿಟ್‌ ಹೋಗಿ, ಪಕ್ಕದ ಹಳ್ಳಿಗೆ ಯಾರೂ ಹೋಗದಿರುವುದು ಇದರಿಂದ ತಪ್ಪುತ್ತದೆ.

ನೆರವು ಪಡೆಯುವವರ ಫೋಟೊ ತೆಗೆಯುವ ಮುನ್ನ ಕೇಳಿ. ಬೇಡವೆಂದರೆ ನೆರವು ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿ. ಆಧಾರ್‌ ಪ್ರತಿಗಳನ್ನು ವಾಟ್ಸ್‌ಆ್ಯಪ್‌ ಗುಂಪಿಗೆ ಹಾಕಬೇಡಿ. ದೂರು ಕೊಟ್ಟವರ ಹೆಸರು ವರದಿಯಲ್ಲಿ ಬರಬಾರದು, ಅವರು ನಾಳೆಯೂ ಅದೇ ಊರಿನಲ್ಲಿ ಬಾಳಬೇಕಾದವರು.

ಕೊನೆಗೆ ಕಾಗದದಲ್ಲಿ ಏನಿರಬೇಕು?

ನಲವತ್ತು ಪುಟದ ವರದಿಯನ್ನು ಆಗಸ್ಟ್‌ನಲ್ಲಿ ಯಾರೂ ಓದುವುದಿಲ್ಲ. ತಾಲ್ಲೂಕಿಗೆ ಒಂದೇ ಹಾಳೆ ಸಾಕು: ನಿಲ್ಲಿಸುವುದು, ಮುಂದುವರಿಸುವುದು, ಬದಲಿಸುವುದು, ಹೊಸದಾಗಿ ಶುರುಮಾಡುವುದು. ಪ್ರತಿ ಸಾಲಿನ ಮುಂದೆ ಹೊಣೆಗಾರರ ಹೆಸರು ಮತ್ತು ದಿನಾಂಕ. ಹಾಸನದ ಹಾಳೆಯಲ್ಲಿ ಆಲೂಗೆಡ್ಡೆ ಹಾನಿಯ ಅರ್ಜಿಗಳು, ರಕ್ತದಾನಿಗಳ ಪಟ್ಟಿ. ಹೊಳೆನರಸೀಪುರದ್ದರಲ್ಲಿ ಗೊರೂರಿನ ಹೊರಹರಿವಿನ ಮಾಹಿತಿ ಪಡೆಯುವವರು ಮತ್ತು ಅವರಿಲ್ಲದಾಗ ಪಡೆಯುವವರು. ಅರಕಲಗೂಡಿನದ್ದರಲ್ಲಿ ಸ್ನಾನಘಟ್ಟದ ಮೆಟ್ಟಿಲಿನ ಲೆಕ್ಕ, ಕೋಣೆಗಳ ನಿಜವಾದ ಸಾಮರ್ಥ್ಯ. ಚನ್ನರಾಯಪಟ್ಟಣದ್ದರಲ್ಲಿ ಮಳೆಕೊರತೆಯ ಪಂಚಾಯಿತಿಗಳು, ಸೆಪ್ಟೆಂಬರ್‌ನ ಎರಡನೇ ಪರಿಶೀಲನೆಯ ದಿನ.

ಈ ಹಾಳೆಯ ಒಂದು ಪ್ರತಿ ತಹಶೀಲ್ದಾರ್‌ ಕಚೇರಿಗೆ, ಒಂದು ತಾಲ್ಲೂಕು ಪಂಚಾಯಿತಿಗೆ, ಒಂದು ಸಂಬಂಧಪಟ್ಟ ಗ್ರಾಮ ಪಂಚಾಯಿತಿಯ ನೋಟಿಸ್‌ ಬೋರ್ಡಿಗೆ ಹೋಗಲಿ. ಜುಲೈ ಕೊನೆಯ ವಾರ ಸಭೆ ಸೇರಿದರೆ ಆಗಸ್ಟ್‌ 5ರೊಳಗೆ ಇದು ತಲುಪಿರಬೇಕು. 2019ರಲ್ಲಿ ಹೊಳೆ ಏರಿದ್ದು ಆ ವಾರದಲ್ಲೇ.